ಬಿಗಿಯದೆ ಬಿಟ್ಟ ನಟ್ಟು

ಜನವರಿ ೧೯, ಭಾನುವಾರ, ರಾತ್ರಿ

ಆ ನಟ್ಟು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಬೆಳಿಗ್ಗೆ ಹೊರಡುವ ಮುಂಚೆ ಮಗಳ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಪಂಕ್ಚರ್ ಹಾಕಿ, ಮತ್ತೆ ಜೋಡಿಸಿದ್ದೆ. ಸ್ಪ್ಯಾನರ್ ಮುಟ್ಟಿದರೆ ಕೈ ಮರಗಟ್ಟುತ್ತಿತ್ತು. ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿಟ್ಟು, ಕೈ ಕಾಯಿಸಿಕೊಂಡು ಬಂದು ಬಿಗಿದರಾಯಿತು ಎಂದು ಒಳಗೆ ಹೋದೆ. ಕಾಫಿ ಕುಡಿದೆ. ಮರೆತೇಬಿಟ್ಟೆ.

ನಲವತ್ತು ಕಿಲೋಮೀಟರ್! ಚಳಿಗಾಲದ ಸವಾರಿಯ ಸುಖವೇ ಬೇರೆ. ಖಾಲಿ ರಸ್ತೆ, ಬಾಯಿಂದ ಹೊಗೆ, ಎಷ್ಟು ತುಳಿದರೂ ಬೆವರದ ಮೈ. ಕೆರೆಯ ಪಕ್ಕದ ಇಳಿಜಾರಿನಲ್ಲಿ ಅವಳು ಎರಡೂ ಕಾಲು ಚಾಚಿಕೊಂಡು ಕಿರುಚುತ್ತಾ ಹಾರಿದಳು. ಹಿಂದಿನಿಂದ ಕೂಗಿದವನು ನಾನೇ: "ಬ್ರೇಕ್ ಹಿಡೀಬೇಡ, ಬಿಡು ಬಿಡು!"

ಮನೆ ಸೇರಿ, ಮೆಟ್ಟಿಲ ಬಳಿ ಅವಳ ಸೈಕಲ್ ಎತ್ತಿದೆ. ಮುಂದಿನ ಚಕ್ರ ಕಳಚಿ ಬಿದ್ದು, ಉರುಳುತ್ತಾ ಹೋಗಿ ಗೇಟಿಗೆ ಬಡಿಯಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಟ್ಟು ಬಿಗಿದೇ ಇರಲಿಲ್ಲ ಎಂಬುದು ಆಗ ನೆನಪಾಯಿತು.

ಊಟಕ್ಕೆ ಕೂತಾಗ ಮಗಳು, "ಮುಂದಿನ ವಾರಾನೂ ಅದೇ ಇಳಿಜಾರು" ಎಂದಳು.

"ಬಿದ್ದುಗಿದ್ದೀಯ, ನಿಧಾನ" ಎಂದಳು ಹೆಂಡತಿ.

"ಬೀಳಲ್ಲಮ್ಮಾ. ಅಪ್ಪ ಎಲ್ಲಾ ನೋಡಿರ್ತಾರಲ್ಲ."

ಆಗಲೇ ಹೇಳಬೇಕಿತ್ತು. ತಲೆ ತಗ್ಗಿಸಿ ಉಂಡೆ.

ಮಲಗುವ ಮುಂಚೆ ಮೂರು ಸಲ ಕೆಳಗೆ ಹೋಗಿ ಸ್ಪ್ಯಾನರ್ ಹಾಕಿ ಬಂದೆ. ನಟ್ಟು ಇನ್ನು ಕೂದಲೆಳೆಯಷ್ಟೂ ತಿರುಗುವುದಿಲ್ಲ, ಗೊತ್ತು. ಆದರೂ ಕಣ್ಣು ಮುಚ್ಚಿದರೆ ಸಾಕು, ಆ ಇಳಿಜಾರು, ಅವಳ ಚಾಚಿದ ಕಾಲು, ಹಿಂದಿನಿಂದ ನನ್ನದೇ ದನಿ: "ಬಿಡು ಬಿಡು!"