ಸಿರ್ಕಾ ಕುಡಿದ ತಪ್ಪಿಗೆ

ಬುಧವಾರ, 14 ಮಾರ್ಚ್ 1956. ಮುಲುಂಡ್

ಅತ್ತೆಯ ಮುಖ ನೋಡಲಾಗುತ್ತಿಲ್ಲ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿಲ್ಲ, ದಪ್ಪ ಮಾತ್ರ ಆಗಿದ್ದೇನೆ. “ನಿನ್ನ ಜೋಡಿ ಅಡ್ಡಾಡಾಕ ನಾಚ್ಕಿ ಬರ್ತೈತಿ” ಎಂದು ಇವರು ಅಂದ ದಿನದಿಂದ, ತೆಳ್ಳಗಾಗಲೆಂದು ಕದ್ದು ಸೇಬಿನ ಸಿರ್ಕಾ, ಅಂದರೆ ವಿನೆಗರ್, ಕುಡಿಯುತ್ತಿದ್ದೆ. ಇವತ್ತು ಬೆಳಿಗ್ಗೆ ಅದನ್ನು ಕುಡಿದು ವಾಂತಿಯಾಯಿತು. ಅತ್ತೆ ಬೆನ್ನು ಸವರುತ್ತಾ, “ಎಷ್ಟ ತಿಂಗಳಾತವಾ?” ಎಂದರು. ಸಿರ್ಕಾದ ಗುಟ್ಟು ಹೊರಬಿದ್ದೀತೆಂದು ನಾನು ತಲೆ ತಗ್ಗಿಸಿ ಬಾಯಿ ಮುಕ್ಕಳಿಸಿದೆ. ಮಧ್ಯಾಹ್ನದೊಳಗೆ ಅವರು ಇಡೀ ಚಾಳಿನ ಮನೆಮನೆಗೂ ಸಕ್ಕರೆ ಹಂಚಿ ಬಂದಿದ್ದರು.

ಸಂಜೆ ಅತ್ತೆಗೆ ಬಾಟಲಿ ತೋರಿಸಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಬಾಟಲಿ ಮೂಸಿ ನೋಡಿ, “ನೀ ದಪ್ಪ ಅದೀ ಅಂತ ಯಾರಂದ್ರು?” ಎಂದು ಕೇಳಿದರು.

“ಯಾರೂ ಇಲ್ರೀ.”

ಅತ್ತೆ ಪೇಪರ್ ಓದುತ್ತಿದ್ದ ಮಗನ ಕಡೆ ನೋಡಿದರು. ಇವರು ತಲೆಯೆತ್ತಲಿಲ್ಲ.

“ನಾಳೆ ನಳದ ನೀರಿಗೆ ನೀ ಹೋಗಬ್ಯಾಡ. ಮಂದಿಗೆ ನಾನ ಹೇಳ್ತೀನಿ, ನಂದ ತಪ್ಪಾತಂತ” ಎಂದರು ಅತ್ತೆ.

ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.