ಹಾಡಿಗೊಂದು ಹಾಡು

ಸಂತೆಗುಳಿ, ಕುಮಟಾ ತಾಲ್ಲೂಕು

ದೊಡ್ಡವ್ವಾ,

ನಾನು ಸುಖವಾಗಿದ್ದೇನೆ, ಮಾನ ಮಾತ್ರ ಹೋಗಿದೆ. ಹಾಡು, ಕತೆ, ಪುಸ್ತಕ ಎಲ್ಲರ ಸೊತ್ತಾಗಬೇಕು ಎನ್ನುವ ಚಳವಳಿಯ ಮೇಲೆ ನಾನು ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವುದು ನಿನಗೆ ಗೊತ್ತಲ್ಲ. ನಿನ್ನೆ, ನಾಟಿ ಹಾಡು ರೆಕಾರ್ಡ್ ಮಾಡಿಕೊಳ್ಳಲು ಇಲ್ಲಿನ ಗದ್ದೆಗೆ ಹೋಗಿ, ಹಾಡುತ್ತಾ ಸಸಿ ನೆಡುತ್ತಿದ್ದ ಹೊನ್ನಿ ಎಂಬ ಅಜ್ಜಿಯ ಮುಂದೆ ಮೂರು ಪುಟದ ಒಪ್ಪಿಗೆ ಪತ್ರ ಹಿಡಿದೆ. ಈ ಹಾಡನ್ನು ಯಾರು ಬೇಕಾದರೂ ಹಾಡಬಹುದು ಎಂದು ಸಹಿ ಮಾಡಿ ಎಂದೆ. ಅವಳು ಬಗ್ಗಿದ ಬೆನ್ನು ಎತ್ತಲೂ ಇಲ್ಲ.

“ಹಾಡೂಕೆ ಸಹಿ ಎಂತಕ್ಕೆ? ನೀ ಒಂದು ಹೇಳು, ನಾ ಒಂದು ಹೇಳ್ತೆ. ಆತು.”

ಹಂಚಿಕೊಳ್ಳುವುದರ ಬಗ್ಗೆ ಎಂಬತ್ತು ಪುಟ ಬರೆದಿರುವ ನನಗೆ ಒಂದು ಹಾಡೂ ಪೂರ್ತಿ ಬರುವುದಿಲ್ಲ. ಸಿನಿಮಾ ಹಾಡಿನ ಎರಡು ಸಾಲು ಎಳೆದೆ. ಗದ್ದೆಯ ಹೆಂಗಸರೆಲ್ಲ ನಕ್ಕರು.

“ಅದು ನಮ್ಮ ಮೊಬೈಲಲ್ಲೂ ಅದೆ. ನಿಮ್ಮ ಮನೇದು ಇಲ್ವಾ?” ಎಂದಳು ಹೊನ್ನಿ.

ರೆಕಾರ್ಡರ್ ಖಾಲಿ, ಒಪ್ಪಿಗೆ ಪತ್ರದ ತುಂಬಾ ಕೆಸರು. ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಒಗ್ಗಿದೆ. ಕಾಲು ತುರಿಸುತ್ತದೆ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ.

ಫೋನಿನಲ್ಲಿ ಕೇಳಿದರೆ ನಕ್ಕು ಇಟ್ಟುಬಿಡುತ್ತೀ ಎಂದು ಕಾರ್ಡು ಬರೆದೆ. ನಾಟಿ ಇನ್ನೂ ಹತ್ತು ದಿನ ನಡೆಯುತ್ತದೆ. ಅಷ್ಟರೊಳಗೆ ಒಂದು ಹಾಡು ಇಡಿಯಾಗಿ ಬರೆದು ಕಳಿಸು. ನೀನು ರೊಟ್ಟಿ ಬಡಿಯುತ್ತಾ ಹಾಡುವಾಗ, “ರಾಜ್ಯಶಾಸ್ತ್ರದ ಪರೀಕ್ಷೆ ಐತಿ, ಸುಮ್ನಿರು” ಎಂದು ಬಾಗಿಲು ಹಾಕಿಕೊಂಡಿದ್ದೆನಲ್ಲ, ಆ ಹಾಡು.

ನೀಲಾ