ಕನ್ನಡಕದ ಅಂಚಿನ ಚುಕ್ಕಿಗಳು

ಪ್ರೀತಿಯ ಅಪ್ಪ,

ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದು ನೀವು ಕನ್ನಡಕ ಕಳಚಿ ಜಗಲಿಯಲ್ಲಿಡುತ್ತಿದ್ದುದು ನೆನಪಿದೆಯೇ? ಅದರ ಮೇಲೆ ರಬ್ಬರ್ ಹಾಲಿನ ಹನಿಗಳು ಒಣಗಿ ಅಂಟಿಕೊಂಡಿರುತ್ತಿದ್ದವು. ಅಮ್ಮ ಅವನ್ನು ಉಗುರಿನಿಂದ ಒಂದೊಂದಾಗಿ ಎಬ್ಬಿಸಿ, ಸೆರಗಿನಲ್ಲಿ ಒರೆಸಿ, "ಈಗ ಹಾಕಿ, ಲೋಕ ಕಾಣ್ತದೆ" ಎನ್ನುತ್ತಿದ್ದರು. ಆ ಉಗುರಿನ ಬಗ್ಗೆಯೇ ನನ್ನದೊಂದು ದೂರು. ನಿಮ್ಮ ಹೆಂಡತಿಯ ಮೇಲಿನ ದೂರನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ಮೊದಲು ಧೃತಿಯ ಸಂಗತಿ. ನೀವು ತೀರಿಹೋದಾಗ ತೊಟ್ಟಿಲಲ್ಲಿದ್ದ ನನ್ನ ಮಗಳು ಈಗ ನಾಲ್ಕನೇ ಕ್ಲಾಸು. ಮೂಗು ನನ್ನದು, ಹಟ ಅಮ್ಮನದು, ಕಣ್ಣು ಮಾತ್ರ ನಿಮ್ಮದು. ಮೊಮ್ಮಗಳಿಗೆ ಕೊಡಲಿಕ್ಕೆ ಬೇರೇನೂ ಸಿಗಲಿಲ್ಲವೇ ನಿಮಗೆ? ಪ್ರತಿ ಮಳೆಗಾಲಕ್ಕೆ ಹೊಸ ಕೊಡೆ, ಹೊಸ ಪವರ್. ಹೊರಗೆ ತಮಾಷೆ ಮಾಡುತ್ತಿದ್ದರೂ ನನಗೆ ಒಳಗೊಳಗೇ ಹೆದರಿಕೆ. ನಿಮ್ಮ ಎಡಗಣ್ಣಿನ ಒಳಗೆ ನೋಟ ಮೂಡುವ ಪರದೆ ಕಳಚಿದಾಗ ಅದನ್ನು ತೋಟದ ಮಂಜು ಎಂದುಕೊಂಡು ನೀವು ಸುಮ್ಮನಿದ್ದುಬಿಟ್ಟಿರಿ. ರಬ್ಬರ್ ಮರವೊಂದಕ್ಕೆ "ಯಾವಾಗ ಬಂದದ್ದು ಮಾರಾಯಾ?" ಎಂದು ಕೇಳಿದ ಮೇಲೆಯೇ ನಮಗೆ ತಿಳಿದದ್ದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಆ ಕಣ್ಣು... ಪವರ್ ತುಂಬ ಏರಿದವರಿಗೆ ಹಾಗಾಗುವ ಸಂಭವ ಹೆಚ್ಚು ಎಂದು ಅಂದು ಡಾಕ್ಟರು ಹೇಳಿದ್ದು ನನ್ನ ತಲೆಯಿಂದ ಹೋಗಿಲ್ಲ.

ಪುತ್ತೂರಿನ ಕಣ್ಣಿನ ಡಾಕ್ಟರಲ್ಲಿಗೆ ಧೃತಿಯನ್ನು ಕರೆದುಕೊಂಡು ಕಡಬದಲ್ಲಿ ಬಸ್ಸು ಹತ್ತಿದ ದಿನ ಅಮ್ಮನೂ ಹೊರಟರು. ಡಾಕ್ಟರಮ್ಮ ಕಾಗದದ ಮೇಲೆ ಕೋಳಿಮೊಟ್ಟೆಯಂಥ ಕಣ್ಣೊಂದನ್ನು ಬರೆದರು. ಇಂಥ ಮಕ್ಕಳ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುತ್ತ ಹೋಗುತ್ತದಂತೆ. ಮಾಮೂಲು ಕನ್ನಡಕ ನಡುವಿನ ನೋಟವನ್ನು ಪರದೆಯ ಮೇಲೆ ಸರಿಯಾಗಿ ಕೂರಿಸಿದರೂ ಅಂಚಿನ ನೋಟ ಪರದೆಯ ಹಿಂದೆ ಬೀಳುತ್ತದೆ. ಅದನ್ನು ಹಿಡಿಯಲು ಹೋಗಿ ಕಣ್ಣು ಇನ್ನಷ್ಟು ಬೆಳೆಯುತ್ತದೆ ಎಂದು ಅವರ ವಿವರಣೆ. ಹೊಸ ಬಗೆಯ ಕನ್ನಡಕದಲ್ಲಿ ನಡುವೆ ಸ್ವಚ್ಛ ಗಾಜು, ಸುತ್ತ ಸಣ್ಣ ಸಣ್ಣ ಚುಕ್ಕಿ. ಒಂದೊಂದು ಚುಕ್ಕಿಯೂ ಒಂದು ಪುಟಾಣಿ ಲೆನ್ಸು, ಬೆಳಕನ್ನು ಪರದೆಗಿಂತ ಮುಂದೆಯೇ ಕೂಡಿಸುತ್ತದೆ. "ಸಾಕು, ಇನ್ನು ಬೆಳೆಯುದು ಬೇಡ ಅಂತ ಕಣ್ಣಿಗೆ ಹೇಳಿದ ಹಾಗೆ. ಪೂರ್ತಿ ನಿಲ್ತದೆ ಅಂತ ಮಾತು ಕೊಡ್ಲಿಕ್ಕೆ ಆಗುದಿಲ್ಲ, ನಿಧಾನ ಆಗಬಹುದು" ಎಂದರು. ಮಕ್ಕಳು ಬೆಳೆಯುತ್ತಾರೆಂದು ಅಂಚು ಮಡಚಿಟ್ಟು ಲಂಗ ಹೊಲಿಯುವವಳು ನಾನು. ಬೆಳೆಯಬೇಡ ಎನ್ನುವ ಹೊಲಿಗೆ ನನಗೆ ಹೊಸತು. ಅಮ್ಮ ಇದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಹೊರಗೆ ನರಿಮೊಗರಿನ ಯಾರೋ ಸಿಕ್ಕಿದರೆಂದು ಅವರ ಮನೆಯ ಮದುವೆ ಮಾತುಕತೆಯನ್ನು ಮುಗಿಸಿಕೊಡುತ್ತಿದ್ದರು.

ಕನ್ನಡಕ ಬಂದ ಮರುದಿನ ನಾನು ಹೊಲಿಗೆ ಅಂಗಡಿ ಮುಚ್ಚಿ ಬಂದಾಗ ಅಮ್ಮ ಅದನ್ನು ಬೆಳಕಿಗೆ ಹಿಡಿದು ಕೂತಿದ್ದರು. "ಎಂತದಿದು? ಈ ಹುಡುಗಿ ತೋಟಕ್ಕೆ ಹೋಗಿ ಕನ್ನಡಕಕ್ಕೆಲ್ಲ ಹಾಲು ಹಾರಿಸಿಕೊಂಡು ಬಂದಿದ್ದಾಳೆ. ಉಗುರಲ್ಲಿ ಏಳುದೇ ಇಲ್ಲ. ಹೊಸ ತಳಿ ಮರದ್ದು ಕಾಣ್ತದೆ." ಉಗುರು ಸೋತ ಮೇಲೆ ತೆಂಗಿನೆಣ್ಣೆ, ಎಣ್ಣೆ ಸೋತ ಮೇಲೆ ಪಾತ್ರೆ ತಿಕ್ಕುವ ಸ್ಟೀಲಿನ ನಾರು! "ಅಜ್ಜಿ, ಅದು ಹಾಲಲ್ಲ, ಮದ್ದು" ಎಂದು ಧೃತಿ ಕಿರುಚಿದ್ದಳಂತೆ. "ಮದ್ದಾದ್ರೆ ಕಣ್ಣಿಗೆ ಬಿಡ್ಲಿ, ಗಾಜಿಗೆ ಎಂತಕ್ಕೆ?" ಎಂದು ಅಮ್ಮ ಮತ್ತಷ್ಟು ತಿಕ್ಕಿದರಂತೆ. ನಲವತ್ತು ವರ್ಷ ನಿಮ್ಮ ಕನ್ನಡಕ ಒರೆಸಿದ ಕೈಗೆ ಬುದ್ಧಿ ಹೇಳುವವರು ಯಾರು?

ಪುತ್ತೂರಿನ ಕನ್ನಡಕದಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಮೀನು ಹುರಿದದ್ದಾ ಮಾರಾಯ್ರೆ?" ಎಂದ. ಅಮ್ಮ ಬಿಟ್ಟುಕೊಡಲಿಲ್ಲ. "ನಿಮ್ಮ ಗಾಜು ಗಟ್ಟಿ ಇಲ್ಲ" ಎಂದರು. ಬೇರೆ ಜೊತೆ ಮಾಡಿಸಿದ್ದಾಯಿತು. ಚುಕ್ಕಿ ಯಾಕೆ ಎಂದು ತಿಳಿದ ಮೇಲಂತೂ ಅಮ್ಮ ಅದನ್ನು ಮುಟ್ಟಲು ನನಗೂ ಬಿಡುವುದಿಲ್ಲ, ಅಂಥ ಕಾವಲು. ಧೃತಿಗೆ ಮಾತ್ರ ಬೇರೆಯೇ ಬೇಸರ. "ನೇರ ನೋಡಿದ್ರೆ ಚಂದ ಕಾಣ್ತದೆ ಅಮ್ಮ, ಓರೆ ನೋಡಿದ್ರೆ ಮಂಜು ಮಂಜು. ಪರೀಕ್ಷೆಗೆ ಇನ್ನು ನಾನೇ ಓದ್ಬೇಕು."

ಮೊನ್ನೆ ವರ್ಷದ ತಪಾಸಣೆಗೆ ಹೋಗಿದ್ದೆವು. ಅಪ್ಪ, ಪವರ್ ಏರಿಲ್ಲ! ಹೋದ ವರ್ಷ ಎಷ್ಟಿತ್ತೋ ಅಷ್ಟೇ. ಇನ್ನೂ ಕೆಲವು ವರ್ಷ ಹಾಕಬೇಕು, ಬಿಸಿಲಲ್ಲಿ ಆಡಬೇಕು ಎಂದೆಲ್ಲ ಡಾಕ್ಟರಮ್ಮ ಹೇಳುತ್ತಿದ್ದರು. ನನಗೆ ಅಲ್ಲೇ ಅಳು ಬಂತು. ಆಗ ಅಮ್ಮ ಇದ್ದಕ್ಕಿದ್ದಂತೆ ಕೇಳಿದರು, "ನಮ್ಮವರು ಸಣ್ಣವರಿರುವಾಗ ಇದು ಇರ್ತಿದ್ರೆ ಆ ಕಣ್ಣು ಉಳೀತಿತ್ತಾ?"

"ಉಳೀಲೂಬಹುದಿತ್ತು ಅಜ್ಜಿ" ಎಂದರು ಡಾಕ್ಟರಮ್ಮ.

ಬಸ್ಸು ಉಪ್ಪಿನಂಗಡಿ ದಾಟುವಾಗ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಅವರ ಕೈ ಹಿಡಿದುಕೊಂಡೆ. ಆಮೇಲೆ ಅವರು ಹೇಳಿದ್ದನ್ನು ನಿಮಗೆ ಎಂದೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ನೀವು ನಮಗೆ ಹೇಳದೆ ಬಿಡುತ್ತಿದ್ದಿರೇ?

"ಹೆಣ್ಣು ನೋಡ್ಲಿಕ್ಕೆ ಬರುವಾಗ ನಿನ್ನಪ್ಪ ಕನ್ನಡಕ ಕಿಸೆಯಲ್ಲಿ ಅಡಗಿಸಿಟ್ಟಿದ್ರು. ನಾನು ಬಾಗಿಲ ಹತ್ರ ನಿಂತದ್ದು. ಅವರು ಆಚೆ ಕಂಬ ನೋಡಿ ನಗಾಡಿ, 'ನನಗೆ ಒಪ್ಪಿಗೆ ಉಂಟು' ಅಂದದ್ದು. ಎಲ್ಲರ ಎದುರು ಮರ್ಯಾದೆ ಹೋಗುದು ಬೇಡ ಅಂತ ನಾನೇ ಮೆಲ್ಲ ಹೋಗಿ ಕಂಬದ ಹತ್ರ ನಿಂತೆ."

ನಿಮ್ಮ ಮಗಳು,
ಸುಮತಿ